ದಿನಸಿ ಅಂಗಡಿಯವರಿಗೆ ಹವಾಮಾನದ ಪಾಠ

ಪ್ರತಿ ವರ್ಷ ಜೂನ್ 5 ಸಮೀಪಿಸಿತೆಂದರೆ ನಮ್ಮಂತಹ ತಾಲ್ಲೂಕು ಕೇಂದ್ರಗಳಲ್ಲಿ ಒಂದು ವಿಧಿ ತಪ್ಪದೆ ನೆರವೇರುತ್ತದೆ. ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೊಂದೊಂದು ಫಲಕ ಕೊಟ್ಟು, ಪೇಟೆ ಬೀದಿಯಲ್ಲಿ ಜಾಥಾ ಹೊರಡಿಸಲಾಗುತ್ತದೆ. ಮುಂದೆ ಒಂದು ಬ್ಯಾನರು, ಅದರ ತುಂಬ ಹಸಿರು ಭೂಗೋಳ ಮತ್ತು ಗಣ್ಯರ ಭಾವಚಿತ್ರಗಳು. ಎಷ್ಟೋ ಊರುಗಳಲ್ಲಿ ಆ ಬ್ಯಾನರು ಫ್ಲೆಕ್ಸಿನದೇ ಆಗಿರುತ್ತದೆ. (ರಾಜ್ಯ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಕೈಚೀಲದೊಡನೆ ಫ್ಲೆಕ್ಸ್ ಕೂಡ ಸೇರಿದೆ ಎಂಬುದು ಆ ದಿನ ಯಾರ ನೆನಪಿಗೂ ಬರುವುದಿಲ್ಲ!) ಜಾಥಾ ದಿನಸಿ ಅಂಗಡಿಗಳ ಮುಂದೆ ನಿಲ್ಲುತ್ತದೆ, ಘೋಷಣೆಗಳು ಮೊಳಗುತ್ತವೆ, ಯಾರೋ ಒಬ್ಬರು ಮೈಕು ಹಿಡಿದು ವ್ಯಾಪಾರಿಗಳಿಗೆ ಭೂಮಿಯ ಉಷ್ಣತೆಯ ಬಗ್ಗೆ ತಿಳಿವಳಿಕೆ ನೀಡುತ್ತಾರೆ. ಮುಂದಿನ ವಾರವೋ ಅದರ ಮುಂದಿನ ವಾರವೋ ದಂಡದ ರಸೀತಿ ಪುಸ್ತಕ ಹಿಡಿದವರು ಬಂದು ಅದೇ ಅಂಗಡಿಗಳ ಗಲ್ಲಾದ ಕೆಳಗೆ ಕೈಹಾಕಿ ತಡಕುತ್ತಾರೆ.

ಈ ಬಗೆಯ ಜಾಗೃತಿಯ ಬಗ್ಗೆ ನನಗೆ ತಕರಾರಿದೆ. ಪರಿಸರದ ಬಗ್ಗೆ ಉದಾಸೀನದಿಂದ ಹೇಳುತ್ತಿಲ್ಲ. ಹವಾಮಾನ ಬದಲಾವಣೆ ಕಟ್ಟುಕಥೆಯೆಂದು ವಾದಿಸುವವರ ಪೈಕಿ ನಾನಲ್ಲ. 2024ನೆಯ ಇಸವಿಯು ದಾಖಲೆಗಳಿರುವ ಕಾಲದಲ್ಲೇ ಅತ್ಯಂತ ಬಿಸಿಯಾದ ವರ್ಷವೆಂದು ವಿಶ್ವ ಹವಾಮಾನ ಸಂಸ್ಥೆ ಸಾರಿದೆ. ನನ್ನ ತಕರಾರು ಇಷ್ಟೇ: ಈ ವಿಪತ್ತಿಗೆ ಅತ್ಯಲ್ಪ ಕಾರಣನಾದವನನ್ನು, ಮಿತವ್ಯಯದ ವ್ಯಾಪಾರವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವನನ್ನು, ವಿಪತ್ತಿನ ಪೆಟ್ಟು ಎಲ್ಲರಿಗಿಂತ ಮೊದಲು ಬೀಳುವವನನ್ನು ಆರಿಸಿ ತಂದು ವಿದ್ಯಾರ್ಥಿಯ ಬೆಂಚಿನ ಮೇಲೆ ಕೂರಿಸಿದ್ದೇವೆ. ಪಾಠ ಹೇಳಿಸಿಕೊಳ್ಳಬೇಕಾದವರು ಜಾಥಾದ ದಾರಿಯಲ್ಲಿ ಸಿಗುವುದೇ ಇಲ್ಲ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾದ್ದರಿಂದ ಮೊದಲು ಒಂದು ಗೊಂದಲವನ್ನು ಬಿಡಿಸುವುದು ಲೇಸು. ‘ಭೂಮಿ ಏಕೆ ಬಿಸಿಯಾಗುತ್ತಿದೆ?’ ಎಂಬ ಪ್ರಶ್ನೆಗೆ ಉತ್ತರಪತ್ರಿಕೆಗಳಲ್ಲಿ ನಾನು ಓದಿದ ಉತ್ತರಗಳು ಎರಡೇ ಬಗೆಯವು. ಓಝೋನ್ ಪದರದಲ್ಲಿ ರಂಧ್ರ ಬಿದ್ದು ಬಿಸಿಲು ಒಳಗೆ ನುಗ್ಗುತ್ತಿದೆ ಎಂಬುದು ಒಂದು. ನಾವು ಪ್ಲಾಸ್ಟಿಕ್ ಬಳಸುತ್ತಿದ್ದೇವೆ ಎಂಬುದು ಇನ್ನೊಂದು. ಮಕ್ಕಳನ್ನು ದೂರಲಾರೆ, ವೇದಿಕೆಯ ಮೇಲಿನ ಭಾಷಣಕಾರರೂ ಇವನ್ನೇ ಹೇಳುತ್ತಾರೆ. ಓಝೋನ್ ಪದರದ ಕತೆಯೇ ಬೇರೆ. ಭೂಮಿ ಬಿಸಿಯಾಗುತ್ತಿರುವುದು ಮುಖ್ಯವಾಗಿ ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲಗಳನ್ನು ಉರಿಸಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡಿನಿಂದ. ನಮ್ಮ ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಹತ್ತು ಪಾಲಿನಲ್ಲಿ ಸುಮಾರು ಏಳು ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಸಿಮೆಂಟು, ಉಕ್ಕು, ಸಾರಿಗೆ, ಎಲ್ಲದರ ಲೆಕ್ಕವೂ ಇದೆ. ಪ್ಲಾಸ್ಟಿಕ್ಕಿನ ಮೂಲವಸ್ತು ಪೆಟ್ರೋಲಿಯಂ ಹಾಗೂ ಅನಿಲವಾದ್ದರಿಂದ ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೇನೂ ಅಲ್ಲ. ಚರಂಡಿ ಕಟ್ಟಿಕೊಳ್ಳುವುದಕ್ಕೆ, ದನಗಳ ಹೊಟ್ಟೆಯಲ್ಲಿ ಗಂಟು ಕಟ್ಟುವುದಕ್ಕೆ ಪ್ಲಾಸ್ಟಿಕ್ ಕೈಚೀಲ ಖಂಡಿತ ಕಾರಣ. ಆದರೆ ಅದನ್ನು ನಿಲ್ಲಿಸಿದ ಮಾತ್ರಕ್ಕೆ ಭೂಮಿ ತಂಪಾಗುತ್ತದೆಂದು ಮಕ್ಕಳಿಗೆ ಹೇಳುವುದು ಸುಳ್ಳು. ಸರಾಸರಿ ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅಮೆರಿಕದವನ ಪಾಲಿಗೆ ಸುಮಾರು 14 ಟನ್. ಅದರಲ್ಲೂ ನಮ್ಮ ಆ 2 ಟನ್ ಎಂಬುದು ವಿಮಾನದಲ್ಲಿ ಓಡಾಡುವವರನ್ನೂ, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರನ್ನೂ ಒಂದೇ ತಕ್ಕಡಿಗೆ ಹಾಕಿ ತೆಗೆದ ಸರಾಸರಿ.

ಇನ್ನು ದಿನಸಿ ಅಂಗಡಿಗೆ ಬರೋಣ. ಐವತ್ತು ದಾಟಿದ ಓದುಗರಿಗೆ ಆ ಅಂಗಡಿಯ ಸ್ವರೂಪವನ್ನು ವರ್ಣಿಸಬೇಕಾಗಿಲ್ಲ. ಗೋಣಿಚೀಲಗಳಲ್ಲಿ ಅಕ್ಕಿ, ಬೇಳೆ, ಕಡಲೆ. ಹಳೆಯ ಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ, ತುದಿ ಮಡಿಸಿ, ನೆತ್ತಿಯ ಮೇಲೆ ತೂಗುವ ಉಂಡೆಯಿಂದ ದಾರ ಎಳೆದು ಬಿಗಿದ ಪೊಟ್ಟಣ. ಎಣ್ಣೆಗೆ ಮನೆಯಿಂದಲೇ ಒಯ್ದ ಸೀಸೆ ಅಥವಾ ತೂಕಡಿಸುವ ಮಕ್ಕಳ ಕೈಯಿಂದ ಜಾರುವ ತಂಬಿಗೆ. ಕೊಂಡವರ ಕೈಯಲ್ಲಿ ಬಟ್ಟೆಯ ಚೀಲ. ಪೊಟ್ಟಣದ ಕಾಗದ ಒಲೆ ಹೊತ್ತಿಸಲು, ದಾರ ಹೂ ಕಟ್ಟಲು. ಇದಕ್ಕೆ ‘ಸುಸ್ಥಿರ’ ಎಂಬ ಹೆಸರಿದೆಯೆಂದು ಶೆಟ್ಟರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಈ ಪದ್ಧತಿಯನ್ನು ಶೆಟ್ಟರು ತಾವಾಗಿ ಬಿಟ್ಟರೇ? ಇಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿಗಿಡದ ಎಣ್ಣೆ ಬೆರೆತು ಹಲವರು ಸತ್ತರು. ಆ ಬಳಿಕ ಖಾದ್ಯ ತೈಲವನ್ನು ಮೊಹರು ಮಾಡಿದ ಪ್ಯಾಕೆಟ್ಟಿನಲ್ಲೇ ಮಾರಬೇಕೆಂಬ ಆದೇಶ ಬಂದಿತು. 2011ರ ಆಹಾರ ಸುರಕ್ಷತಾ ನಿಯಮಗಳೂ, ರಾಜ್ಯ ಸರ್ಕಾರ ವಿನಾಯಿತಿ ಕೊಡದ ಹೊರತು, ಅದನ್ನೇ ಹೇಳುತ್ತವೆ. ಆ ಆದೇಶದ ಹಿಂದಿನ ಕಾಳಜಿ ಸರಿಯಾದದ್ದೇ, ಕಲಬೆರಕೆಯಿಂದ ಜನ ಸಾಯುವುದನ್ನು ಯಾರೂ ಬಯಸುವುದಿಲ್ಲ. ಆದರೆ ಪರಿಣಾಮವನ್ನು ನೋಡಿ. ಬಿಡಿಯಾಗಿ ಮಾರಿದರೆ ಅಪರಾಧವೆಂದು ಒಂದು ಇಲಾಖೆ ಹೇಳುತ್ತದೆ, ಪ್ಯಾಕೆಟ್ಟು ಭೂಮಿಗೆ ಭಾರವೆಂದು ಇನ್ನೊಂದು ಇಲಾಖೆಯ ಜಾಥಾ ಹೇಳುತ್ತದೆ. ಇವೆರಡರ ನಡುವೆ ನಿಂತ ಶೆಟ್ಟರು ನನ್ನನ್ನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಮೇಷ್ಟ್ರೇ, ಎಣ್ಣೆನ ಅಂಗೈಲಿ ಹಾಕಿ ಕೊಡ್ಲಾ?”

ಅಂಗಡಿಯ ಮುಂದೆ ತೋರಣದಂತೆ ತೂಗುವ ಶಾಂಪೂ, ಕಾಫಿಪುಡಿ, ಉಪ್ಪಿನಕಾಯಿ, ಕುರುಕಲು ತಿಂಡಿಗಳ ಸರಗಳ ವಿಷಯ ಇನ್ನೂ ಸ್ವಾರಸ್ಯಕರ. ಶಾಂಪೂವನ್ನು ಪುಟ್ಟ ಪೊಟ್ಟಣಕ್ಕೆ ತುಂಬಿ ಬಡವರಿಗೂ ಎಟುಕುವಂತೆ ಮಾರುವ ಉಪಾಯ ನಮ್ಮ ದೇಶದಲ್ಲಿ ಹೆಸರಾದದ್ದು ತಮಿಳುನಾಡಿನ ಕಡಲೂರಿನ ಒಂದು ಸಣ್ಣ ಉದ್ಯಮದ ಮೂಲಕ ಎಂಬುದನ್ನು ಮರೆಮಾಚಬೇಕಾಗಿಲ್ಲ. ಸಣ್ಣ ಊರಿನ ಬುದ್ಧಿಯಿಂದ ಬಂದುದೆಲ್ಲ ಒಳ್ಳೆಯದೇ ಆಗಿರಬೇಕೆಂದಿಲ್ಲವಷ್ಟೆ. ಆದರೆ ಅದನ್ನು ಕೋಟಿ ಕೋಟಿ ಸಂಖ್ಯೆಯಲ್ಲಿ ಅಚ್ಚೊತ್ತಿ ಹಳ್ಳಿ ಹಳ್ಳಿಗೆ ತಲುಪಿಸಿದವು ದೊಡ್ಡ ಕಂಪನಿಗಳು. ಆ ಪೊಟ್ಟಣ ಒಂದೇ ಹಾಳೆಯಲ್ಲ. ಒಂದು ಬಗೆಯ ಪ್ಲಾಸ್ಟಿಕ್, ಅದರ ಮೇಲೆ ಲೋಹದ ತೆಳು ಲೇಪ, ಮತ್ತೆ ಇನ್ನೊಂದು ಬಗೆಯ ಪ್ಲಾಸ್ಟಿಕ್ ಹೀಗೆ ಪದರ ಪದರವಾಗಿ ಅಂಟಿಸಿದ್ದು. ಒಳಗಿನ ತಿಂಡಿ ಮೆತ್ತಗಾಗದಂತೆ ಕಾಯುವ ಗುಣವೇ ಅದರ ಅವಗುಣ. ಪದರಗಳನ್ನು ಬೇರ್ಪಡಿಸುವುದು ದುಸ್ಸಾಧ್ಯ, ಆದ್ದರಿಂದ ಕರಗಿಸಿ ಮರುಬಳಸುವುದೂ ದುಸ್ಸಾಧ್ಯ. ನಂಬದವರು ತಮ್ಮೂರಿನ ಗುಜರಿ ಅಂಗಡಿಗೆ ಹೋಗಿ ವಿಚಾರಿಸಲಿ. ಹಾಲಿನ ಖಾಲಿ ಕವರುಗಳನ್ನು ಅವರು ತೂಕಕ್ಕೆ ಕೊಳ್ಳುತ್ತಾರೆ, ಏಕೆಂದರೆ ಅದು ಒಂದೇ ಜಾತಿಯ ಪ್ಲಾಸ್ಟಿಕ್. ಚಿಪ್ಸಿನ ಪೊಟ್ಟಣವನ್ನು ಬಿಟ್ಟಿ ಕೊಟ್ಟರೂ ಒಲ್ಲೆನೆನ್ನುತ್ತಾರೆ. ಪದಾರ್ಥವಿಜ್ಞಾನವನ್ನು ಗುಜರಿಯವರಷ್ಟು ಸ್ಪಷ್ಟವಾಗಿ ಬೋಧಿಸುವವರನ್ನು ನಾನು ಕಂಡಿಲ್ಲ.

ಈಗ 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ದೇಶಾದ್ಯಂತ ನಿಷೇಧಿಸಿದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯನ್ನು ತೆಗೆದು ನೋಡಿ. ಬಲೂನಿನ ಕಡ್ಡಿ, ಐಸ್ ಕ್ಯಾಂಡಿಯ ಕಡ್ಡಿ, ಬಾವುಟ, ತಟ್ಟೆ, ಲೋಟ, ಚಮಚ, ಹೀರುಗೊಳವೆ, ಸಿಹಿತಿಂಡಿ ಪೆಟ್ಟಿಗೆಗೆ ಸುತ್ತುವ ಹಾಳೆ... ಇವು ಹೋಗಬೇಕಾದವುಗಳೇ, ಆ ಬಗ್ಗೆ ಆಕ್ಷೇಪವಿಲ್ಲ. ಆದರೆ ಪಟ್ಟಿಯನ್ನು ಓದುತ್ತ ಹೋದಂತೆ ಜಾತ್ರೆಯ ಬೀದಿಯೊಂದು ಕಣ್ಣಿಗೆ ಕಟ್ಟುವುದಿಲ್ಲವೇ? ಬಲೂನಿನವನಿದ್ದಾನೆ, ಐಸ್ ಕ್ಯಾಂಡಿಯವನಿದ್ದಾನೆ, ಮಿಠಾಯಿ ಅಂಗಡಿಯಿದೆ, ಎಳನೀರಿನವನ ಕೊಳವೆ ಇದೆ. ಇಲ್ಲದಿರುವುದು ಶಾಂಪೂ ಪೊಟ್ಟಣ, ಚಿಪ್ಸಿನ ಪೊಟ್ಟಣ, ಬಿಸ್ಕತ್ತಿನ ಹೊದಿಕೆ. ಅವಕ್ಕೆ ನಿಷೇಧವಿಲ್ಲ, ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂಬ ಗೌರವಾನ್ವಿತ ವ್ಯವಸ್ಥೆಯಿದೆ. ಕಂಪನಿ ಎಷ್ಟು ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ಬಿಟ್ಟಿತೋ ಅದಕ್ಕೆ ತಕ್ಕಷ್ಟು ಮರುಸಂಸ್ಕರಣೆ ಆಗಿದೆಯೆಂಬ ಪ್ರಮಾಣಪತ್ರವನ್ನು ಸಂಸ್ಕರಣಾ ಘಟಕಗಳಿಂದ ಕೊಂಡು ತೋರಿಸಿದರೆ ಸಾಕು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ತಪಾಸಣೆ ಮಾಡಿದಾಗ ಅಂತಹ ಪ್ರಮಾಣಪತ್ರಗಳಲ್ಲಿ ಲಕ್ಷಗಟ್ಟಲೆ ನಕಲಿಯೆಂದು ಪತ್ತೆಯಾಯಿತು. ಅಸಲಿ ಪ್ರಮಾಣಪತ್ರವೇ ಇದ್ದರೂ, ಎಲ್ಲೋ ದೂರದ ಕಾರ್ಖಾನೆಯಲ್ಲಿ ಏನೋ ಸಂಸ್ಕರಣೆಯಾದರೆ ನಮ್ಮೂರ ಕೆರೆಕೋಡಿಯಲ್ಲಿ ಬಿದ್ದ ಪೊಟ್ಟಣ ಕರಗಿಹೋಗುವುದಿಲ್ಲ.

ವಿಶ್ವ ಪರಿಸರ ದಿನಕ್ಕೆ 2018, 2023, 2025 ಹೀಗೆ ಮೂರು ಬಾರಿ ಪ್ಲಾಸ್ಟಿಕ್ಕನ್ನೇ ವಿಷಯವಾಗಿ ಆರಿಸಲಾಯಿತು. ಅದೇ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ ಜಗತ್ತಿನ ಸರ್ಕಾರಗಳು ಪ್ಲಾಸ್ಟಿಕ್ ಒಪ್ಪಂದವೊಂದಕ್ಕೆ ಬರಲಾರದೆ ಬರಿಗೈಯಲ್ಲಿ ಚದುರಿದವು. ತಯಾರಿಕೆಗೇ ಮಿತಿ ಹಾಕಬೇಕೇ ಬೇಡವೇ ಎಂಬುದು ಅಲ್ಲಿ ಬಗೆಹರಿಯದ ಮುಖ್ಯ ವಿವಾದಗಳಲ್ಲೊಂದು. ರಾಷ್ಟ್ರಗಳಿಗೆ ಬಗೆಹರಿಸಲಾಗದ ಈ ಪ್ರಶ್ನೆಯನ್ನು ನಮ್ಮ ಸಂತೆಯಲ್ಲಿ ಹಸಿಮೆಣಸಿನಕಾಯಿ ಮಾರುವ ಹೆಂಗಸಿಗೆ ದಂಡ ಹಾಕಿ ಬಗೆಹರಿಸಲು ಹೊರಟಿದ್ದೇವೆ.

ಬಸ್ ನಿಲ್ದಾಣದ ಬಳಿಯ ಚಹಾದಂಗಡಿಗಳ ಕತೆಯನ್ನೂ ಕೇಳಿ. ಗಾಜಿನ ಲೋಟದಲ್ಲಿ ಚಹಾ ಕೊಟ್ಟು, ತೊಳೆದು, ಮತ್ತೆ ಕೊಡುತ್ತಿದ್ದವರು ಅವರು. 2020ರಲ್ಲಿ ಕೊರೋನಾ ಬಂದಾಗ ಕಾಗದದ ಲೋಟದಲ್ಲೇ ಕೊಡಬೇಕೆಂದು ಎಲ್ಲರೂ ಒತ್ತಾಯಿಸಿದೆವು. ಆ ಲೋಟದ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪದರವಿರುತ್ತದೆ, ಇಲ್ಲದಿದ್ದರೆ ಬಿಸಿ ಚಹಾ ಅದರಲ್ಲಿ ನಿಲ್ಲುವುದೇ ಇಲ್ಲ. ರೋಗ ಹೋಯಿತು, ಲೋಟ ಉಳಿಯಿತು. ಗಾಜಿಗೆ ಮರಳಿ ಎಂದು ನಾನೇ ಒಬ್ಬರಿಗೆ ಹೇಳಿದ್ದುಂಟು. ಅವರು ಕೊಟ್ಟ ಉತ್ತರದಲ್ಲಿ ಹವಾಮಾನದ ಬಗ್ಗೆ ನನ್ನ ಎಷ್ಟೋ ಪಾಠಗಳಿಗಿಂತ ಹೆಚ್ಚಿನ ತಿಳಿವಳಿಕೆಯಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷದ ಬೇಸಿಗೆಯಲ್ಲಿ ಅವರ ಕೊಳವೆಬಾವಿ ಕೈಕೊಟ್ಟಿತು, ಲೋಟ ತೊಳೆಯಲು ಟ್ಯಾಂಕರ್ ನೀರನ್ನು ಹಣ ಕೊಟ್ಟು ತರಿಸಬೇಕಾಯಿತು. ಲೋಟ ತೊಳೆಯುವ ನೀರಿಗಿಂತ ಕಾಗದದ ಲೋಟವೇ ಅಗ್ಗವೆಂಬ ಲೆಕ್ಕಕ್ಕೆ ಅವರು ಬಂದರು. ಮಳೆ ಕೈಕೊಟ್ಟಿದ್ದರಿಂದ ಕಸ ಹೆಚ್ಚಿತು! ಇದಕ್ಕೆ ಘೋಷಣಾಫಲಕದಲ್ಲಿ ಉತ್ತರವಿಲ್ಲ. ಆ ಸಾಲಿನ ಅಂಗಡಿಗಳಿಗೆ ಒಂದು ಸಾರ್ವಜನಿಕ ನಲ್ಲಿಯನ್ನೂ, ಪಾತ್ರೆ ತೊಳೆಯುವ ಕಟ್ಟೆಯನ್ನೂ ಕಟ್ಟಿಸಿಕೊಟ್ಟರೆ ಉತ್ತರ ಸಿಕ್ಕೀತು.

ತೆಂಗಿನ ಸೀಮೆಯವರಾದ ನಮಗೆ ಇನ್ನೊಂದು ಪ್ರಮಾಣವೂ ಉಂಟು. ತೆಂಗಿನ ಮರದಲ್ಲಿ ಹೊಂಬಾಳೆ ಹೊರಗೆ ಕಾಣಿಸಿಕೊಳ್ಳುವುದಕ್ಕೆ ಎರಡು ವರ್ಷಕ್ಕೂ ಮೊದಲೇ ಅದರ ಮೊಳಕೆ ಸುಳಿಯೊಳಗೆ ರೂಪುಗೊಳ್ಳತೊಡಗುತ್ತದೆ. ಹೊಂಬಾಳೆ ಬಿಚ್ಚಿದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಆದ್ದರಿಂದ ಒಂದು ಬರದ ಪೆಟ್ಟನ್ನು ಮರ ಎರಡು ಮೂರು ವರ್ಷ ಅನುಭವಿಸುತ್ತದೆ. 2023ರ ಬರ ಹಾಗೂ 2024ರ ಬೇಸಿಗೆಯ ಬಿಸಿಲಿನ ನೆರಳು 2025ರ ಇಳುವರಿಯ ಮೇಲೆ ಬಿದ್ದಿತು. ಬಿಳಿನೊಣ ಮತ್ತಿತರ ಪೀಡೆಗಳೂ ಸೇರಿಕೊಂಡವು. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆ ಅದುವರೆಗೆ ಕಾಣದ ಎತ್ತರಕ್ಕೆ ಏರಿತು. ದರ ಏರಿದರೂ ಮಾರಲು ಕಾಯಿಯೇ ಇಲ್ಲದ ಬೆಳೆಗಾರರು ಕೈಚೆಲ್ಲಿ ಕುಳಿತರು. ಸಣ್ಣ ಹೋಟೆಲುಗಳ ಚಟ್ನಿಯಲ್ಲಿ ಹುರಿಗಡಲೆ ಹೆಚ್ಚಾಗಿ ಕಾಯಿ ತೆಳುವಾಯಿತು. ಇಡ್ಲಿಯ ದರವನ್ನು ಏರಿಸಿದರೆ ಗಿರಾಕಿ ಹೋಗುತ್ತಾನೆ, ಏರಿಸದಿದ್ದರೆ ಬಂಡವಾಳ ಹೋಗುತ್ತದೆ. ಹೀಗೆ ಪ್ರತಿದಿನ ಬೆಳಗ್ಗೆ ಚಟ್ನಿ ರುಬ್ಬುವಾಗಲೇ ಹವಾಮಾನ ಬದಲಾವಣೆಯನ್ನು ಅಳೆಯುತ್ತಿರುವ ಹೋಟೆಲಿನವರಿಗೆ ನಾವು ‘ಅರಿವು’ ಮೂಡಿಸಲು ಹೊರಟಿದ್ದೇವೆ!

ರಿಪೇರಿ ಮಾಡುವವರ ವಿಷಯವನ್ನು ಯಾವ ಜಾಥಾವೂ ಎತ್ತುವುದಿಲ್ಲ. ನಮ್ಮ ಪೇಟೆಯಲ್ಲಿ ಮೋಟಾರಿಗೆ ತಂತಿ ಸುತ್ತುವವರು, ಮಿಕ್ಸಿಗೆ ಜೀವ ಕೊಡುವವರು, ಚಪ್ಪಲಿಗೆ ಅಟ್ಟೆ ಹಾಕುವವರು, ಕೊಡೆಗೆ ಕಡ್ಡಿ ಜೋಡಿಸುವವರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಒಂದು ಮಿಕ್ಸಿ ಇನ್ನೂ ಐದು ವರ್ಷ ಬಾಳಿದರೆ ಹೊಸದೊಂದಕ್ಕೆ ಬೇಕಾದ ತಾಮ್ರ, ಉಕ್ಕು, ಪ್ಲಾಸ್ಟಿಕ್ ಮತ್ತು ಅವುಗಳನ್ನು ಕರಗಿಸಲು ಉರಿಸುವ ಕಲ್ಲಿದ್ದಲು ಅಷ್ಟು ಕಾಲ ಉಳಿಯುತ್ತದೆ. ಆದರೆ ಹೊಸ ಯಂತ್ರಗಳು ಬಿಚ್ಚಲಾಗದಂತೆ ಬರುತ್ತಿವೆ, ಬಿಡಿಭಾಗ ಸಿಗುವುದಿಲ್ಲ. ‘ದುರಸ್ತಿಯ ಹಕ್ಕು’ ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ನಮ್ಮ ಪೇಟೆಯ ಮಿಕ್ಸಿ ರಿಪೇರಿಯವರಿಗೆ ಅದರ ಸುದ್ದಿ ನನ್ನಿಂದಲೇ ತಿಳಿದದ್ದು, ತಿಳಿದೂ ಅವರಿಗೆ ಒಂದು ಬಿಡಿಭಾಗವೂ ಹೆಚ್ಚಿಗೆ ಸಿಗಲಿಲ್ಲ. ತಮ್ಮ ಮಗ ಈ ಕಸುಬಿಗೆ ಬರುವುದಿಲ್ಲವೆಂದು ಅವರು ಹೇಳುತ್ತಾರೆ. ಅಂಗಡಿಯ ಫಲಕ ಬರೆಯುತ್ತಿದ್ದ ಕಲಾವಿದರು ಫ್ಲೆಕ್ಸ್ ಬಂದು ಮಾಯವಾದಂತೆ ಇವರೂ ಮಾಯವಾದರೆ, ಅದರ ಲೆಕ್ಕ ಯಾವ ಪರಿಸರ ವರದಿಯಲ್ಲೂ ಬರಲಾರದು.

ಇಷ್ಟು ಬರೆದ ಮೇಲೆ ಕೆಲವರು ಕೇಳಬಹುದು: ಮೇಷ್ಟ್ರು ಹಳೆಯ ಕಾಲಕ್ಕೆ ಮರಳಿರೆನ್ನುತ್ತಿದ್ದಾರೆಯೇ? ಖಂಡಿತ ಇಲ್ಲ. ಹಳೆಯ ಪೇಟೆಯಲ್ಲಿ ತೂಕದ ಕಳ್ಳತನವಿತ್ತು, ಬೇಳೆಯಲ್ಲಿ ಕಲ್ಲಿತ್ತು. ಚಪ್ಪಲಿ ಹೊಲಿಯುವವನ ಮಗ ಚಪ್ಪಲಿಯನ್ನೇ ಹೊಲಿಯಬೇಕು, ಮೇದರವನ ಮಗ ಬುಟ್ಟಿಯನ್ನೇ ಹೆಣೆಯಬೇಕು ಎಂಬ ಕ್ರೂರವಾದ ಕಟ್ಟಿತ್ತು. ಆ ಕಟ್ಟನ್ನು ಹರಿದು ಬಂದ ಮಕ್ಕಳಿಗೆ ಪಾಠ ಹೇಳಿದ್ದು ನನ್ನ ವೃತ್ತಿಜೀವನದ ಹೆಮ್ಮೆ. ಕಸುಬು ಉಳಿಯಬೇಕೆಂದರೆ ಅದರಲ್ಲಿ ಘನತೆಯೂ ಸಂಪಾದನೆಯೂ ಇರಬೇಕು, ಯಾವ ಜಾತಿಯ ಹುಡುಗನಾದರೂ ಹುಡುಗಿಯಾದರೂ ಇಷ್ಟಪಟ್ಟು ಬರುವಂತಿರಬೇಕು.

ಇನ್ನೂ ಕೆಲವರು, ಮನೆಬಾಗಿಲಿಗೆ ಸಾಮಾನು ತಲುಪಿಸುವ ಕಂಪನಿಗಳೇ ಪರಿಸರಕ್ಕೆ ಹಿತ, ಒಂದೇ ವಾಹನದಲ್ಲಿ ನೂರು ಮನೆಗೆ ಹಂಚುತ್ತಾರಲ್ಲ ಎನ್ನುತ್ತಾರೆ. ನೂರು ಜನ ನೂರು ಕಾರುಗಳಲ್ಲಿ ದೂರದ ಮಳಿಗೆಗೆ ಹೋಗುವ ನಾಡಿನಲ್ಲಿ ಆ ಮಾತು ಸರಿಯಿರಬಹುದು. ನಮ್ಮೂರಿನಲ್ಲಿ ಶೆಟ್ಟರ ಅಂಗಡಿಗೆ ಜನ ನಡೆದು ಹೋಗುತ್ತಾರೆ, ದಾರಿಯಲ್ಲಿ ನಾಲ್ಕು ಜನರನ್ನು ಮಾತನಾಡಿಸುತ್ತಾರೆ. ಕಾಲ್ನಡಿಗೆಗೆ ಬದಲಾಗಿ ರಟ್ಟಿನ ಡಬ್ಬಿ, ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್, ಅದರೊಳಗೆ ಒಂದು ಸಾಬೂನು ಬಂದರೆ ಅದು ಯಾವ ಗಣಿತದಲ್ಲಿ ಉಳಿತಾಯ? ಹಾಗೆ ಬಂದ ಡಬ್ಬಿಯ ಮೇಲೆ ದಂಡ ಹಾಕಿದ್ದನ್ನು ನಾನು ಕಂಡಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಬೇಕರಿ, ತರಕಾರಿ, ಕಾಂಡಿಮೆಂಟ್ಸ್ ಅಂಗಡಿಗಳವರಿಗೆ ತೆರಿಗೆಯ ನೋಟಿಸುಗಳು ಬಂದಾಗ ರಾಜ್ಯದಲ್ಲಿ ಎಷ್ಟೋ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡದ್ದು ಓದುಗರಿಗೆ ನೆನಪಿರಬಹುದು. ತೆರಿಗೆಯಾಗಲಿ ಪರಿಸರವಾಗಲಿ, ಕೈಗೆ ಮೊದಲು ಸಿಗುವವರು ಇವರೇ. ಬಾಗಿಲು ತೆರೆದು ಬೀದಿಗೆ ಮುಖಮಾಡಿ ಕುಳಿತಿರುತ್ತಾರಲ್ಲ!

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಮಾತು ಬೇಡ. ಸಂತೆ ಮೈದಾನದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಸೊಪ್ಪಿನವರ ಸೊಪ್ಪು, ಹೂವಿನವರ ಹೂವು ಕಣ್ಣೆದುರೇ ಬಾಡುತ್ತವೆ. ಸಂಜೆಗೆ ಅರ್ಧ ಬೆಲೆ, ಉಳಿದದ್ದು ದನಕ್ಕೆ. ಅಲ್ಲಿ ನೆರಳು ಬೇಕು. ಪ್ರತಿ ಜೂನ್ 5ರಂದು ನೆಡುವ ಸಸಿಗಳಲ್ಲಿ ಹತ್ತನ್ನಾದರೂ ಭಾವಚಿತ್ರಕ್ಕೆ ಅನುಕೂಲವಾದ ಕಚೇರಿಯ ಆವರಣದ ಬದಲು ಸಂತೆ ಮೈದಾನದಲ್ಲಿ ನೆಟ್ಟು, ಎರಡು ಬೇಸಿಗೆ ನೀರು ಹಾಕಲಿ. ದಂಡದ ಪುಸ್ತಕ ಹಿಡಿದವರು ಮೊದಲು ಸಗಟು ಮಳಿಗೆಯ ಬಾಗಿಲು ತಟ್ಟಲಿ. ನಿಷೇಧಿತ ಕೈಚೀಲಗಳು ಶೆಟ್ಟರ ಗಲ್ಲಾದ ಕೆಳಗೆ ತಾವಾಗಿ ಮೊಳೆಯುವುದಿಲ್ಲ.

ಶಾಲೆಗಳಿಗೂ ಒಂದು ಕೆಲಸವಿದೆ. ನಿವೃತ್ತನಾದ ಮೇಲೂ ಮಕ್ಕಳು ನನ್ನ ಮನೆಗೆ ಬರುತ್ತಾರೆ. ಕಳೆದ ತಿಂಗಳು ಒಂಬತ್ತನೆಯ ತರಗತಿಯ ಕೆಲವರಿಗೆ ಕೈಗವಸು ತೊಡಿಸಿ ನಮ್ಮ ಬೀದಿಯ ಚರಂಡಿಯ ಪಕ್ಕದಲ್ಲಿ ಬಿದ್ದಿದ್ದ ಪೊಟ್ಟಣಗಳನ್ನು ಆರಿಸಿ, ಕಂಪನಿವಾರು ವಿಂಗಡಿಸಿ, ತೂಗಿ, ಕೋಷ್ಟಕ ಬರೆಯಲು ಹೇಳಿದೆ. ಉತ್ಸಾಹದಿಂದ ಮಾಡಿದರು, ಶೇಕಡಾವಾರು ಲೆಕ್ಕ ಇಷ್ಟು ಬೇಗ ಯಾವ ಪಠ್ಯಪುಸ್ತಕದಿಂದಲೂ ಅವರಿಗೆ ಅರ್ಥವಾಗಿರಲಿಲ್ಲ. ಪ್ರತಿ ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ತಯಾರಕರ ಪೂರ್ಣ ವಿಳಾಸ ಅಚ್ಚಾಗಿರುತ್ತದೆ, ದೂರುಗಳಿದ್ದರೆ ಬರೆಯಿರಿ ಎಂಬ ವಿನಂತಿಯೂ ಇರುತ್ತದೆ. ಒಬ್ಬ ಹುಡುಗಿ ಅದನ್ನು ತೋರಿಸಿ, “ಸರ್, ಇದನ್ನೆಲ್ಲ ಅವರಿಗೇ ವಾಪಸ್ ಕಳಿಸಬಹುದಲ್ವಾ?” ಎಂದಳು. ಪೊಟ್ಟಣಗಳನ್ನು ತೊಳೆದು ಒಣಗಿಸಿಟ್ಟಿದ್ದೇವೆ. ಮೂರು ಕಿಲೋ ಪಾರ್ಸೆಲಿಗೆ ಮುಂಬಯಿಗೆ ಎಷ್ಟು ಅಂಚೆವೆಚ್ಚ ತಗಲುತ್ತದೆಂದು ಸೋಮವಾರ ಅಂಚೆ ಕಚೇರಿಯಲ್ಲಿ ವಿಚಾರಿಸಬೇಕು.